ಅಮ್ಮಣಿಯಕ್ಕ ಹೇಳಿದ್ದನ್ನೇ ಅಚ್ಚು ಮಾಡಿ

ಓದುಗರ ಸ್ಪರ್ಧೆಯ ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಮಸ್ಕಾರ ಆಮೇಲೆ ಹೇಳುತ್ತೇನೆ, ಮೊದಲು ತಕರಾರು. 'ಕಪ್ಪು ಜನರ ಬದುಕಿನ ಕಾದಂಬರಿಗಳು: ಓದುಗರ ಸ್ಪಂದನ' ಎಂದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕುಗಳಿಗೆ ಸೇರಿಸಿ ನೀವು ನಡೆಸಿದ ಸ್ಪರ್ಧೆಯಲ್ಲಿ ಮೊದಲ ಬಹುಮಾನದ ಬರಹ ಅಮ್ಮಣಿ ಎಂಬವರ ಹೆಸರಿನಲ್ಲಿದೆ. ಆ ಬರಹ ಅವರದ್ದಲ್ಲ. ನಿಮ್ಮ ಸೂಚನೆಯಂತೆ ನಾನು ಕತ್ತರಿಸಿ, ತೇಪೆ ಹಾಕಿ ಕಳಿಸಿದ್ದು. ಇನ್ನು ಕೆಲವೇ ದಿನಗಳಲ್ಲಿ ಅದು ಪುಸ್ತಕವಾಗಿ ನಮ್ಮ ಕಡೆಯ ಶಾಲೆಗಳಿಗೆಲ್ಲ ಹೋಗಲಿದೆ. ಅದನ್ನು ತಡೆಯಿರಿ ಎಂದು ಎರಡು ಸಲ ಬರೆದೆ, ಉತ್ತರವಿಲ್ಲ. ಫೋನ್ ಮಾಡಿದರೆ ನಿಮ್ಮ ಕಚೇರಿಯವರು "ಸಾರ್ ಮೀಟಿಂಗಲ್ಲಿದ್ದಾರೆ" ಎನ್ನುತ್ತಾರೆ. ಹದಿಮೂರು ದಿನವಾದರೂ ಮುಗಿಯದ ಆ ಮೀಟಿಂಗ್ ಯಾವ ವಿಷಯದ್ದೋ ಗೊತ್ತಿಲ್ಲ, ಓದುಗರ ವಿಷಯದ್ದಂತೂ ಇರಲಾರದು. ಹಾಗಾಗಿ ಎಲ್ಲರೂ ಓದುವ ಪೇಪರಿನಲ್ಲಿ ಬರೆಯುತ್ತಿದ್ದೇನೆ.

ನಾನು ಪುತ್ತಿಗೆಯವಳು, ಡಿಗ್ರಿಯ ಕೊನೆಯ ವರ್ಷ. ಕಾದಂಬರಿಗಳ ಹುಚ್ಚು. ನಮ್ಮದೊಂದು ವಾಟ್ಸಾಪ್ ಬಳಗ ಇದೆ, ಮೂರು ತಾಲೂಕಿನ ನಲವತ್ತೊಂದು ಓದುಗರು. ಗ್ರಂಥಾಲಯದಿಂದ ಒಂದೇ ಪುಸ್ತಕದ ನಾಲ್ಕೈದು ಪ್ರತಿ ತಂದು ಸರದಿಯಲ್ಲಿ ಓದುತ್ತೇವೆ, ಆಮೇಲೆ ಬಳಗದಲ್ಲಿ ಮಾತು. ಎಲ್ಲರಿಗೂ ಫೋನಿನಲ್ಲಿ ಕನ್ನಡ ಬರೆಯಲು ಬರುವುದಿಲ್ಲ. ಬಾರದವರು ವಾಯ್ಸ್ ಕಳಿಸುತ್ತಾರೆ, ನಾನು ಕೇಳಿಕೊಂಡು ಟೈಪ್ ಮಾಡಿ ಹಾಕುತ್ತೇನೆ. ಎರಡು ವರ್ಷದಿಂದ ಇದು ನನ್ನ ಕೆಲಸ. ಯಾರೂ ವಹಿಸಿದ್ದಲ್ಲ, ನಾನೇ ಮೇಲೆ ಬಿದ್ದು ಮಾಡಿಕೊಂಡದ್ದು. ನಿಮ್ಮ ಸ್ಪರ್ಧೆಯ ಪ್ರಕಟಣೆ ಬಂದಾಗ ಬಳಗದಲ್ಲಿ ಎಲ್ಲರಿಗಿಂತ ಜೋರಾಗಿ ಕುಣಿದವಳೂ ನಾನೇ.

ನೀವು ಕೊಟ್ಟ ಪಟ್ಟಿಯಿಂದ ನಾವು ಆರಿಸಿದ ಕಾದಂಬರಿ ಅಮೆರಿಕದ ಒಂದು ಸಣ್ಣ ಪಟ್ಟಣದ್ದು, ಕನ್ನಡಕ್ಕೆ ಅನುವಾದವಾದದ್ದು. ಅದರ ಒಂದು ಅಧ್ಯಾಯದಲ್ಲಿ ಶಾಲೆಯ ಸಭಾಂಗಣದಲ್ಲಿ ಬಿಳಿಯರ ಹಾಸ್ಯ ನಾಟಕ ನಡೆಯುತ್ತದೆ. ಬಿಳಿ ಅಂಗಡಿಕಾರರು ಮುಖಕ್ಕೆ ಕಪ್ಪು ಬಳಿದು, ತುಟಿ ದಪ್ಪ ಮಾಡಿಕೊಂಡು, ಕಪ್ಪು ಜನರನ್ನು ಅಣಕಿಸಿ ಕುಣಿಯುತ್ತಾರೆ. ಆ ಶಾಲೆಯ ಕಸ ಗುಡಿಸುವವನ ಮಗಳು, ಹನ್ನೊಂದು ವರ್ಷದ ಕಪ್ಪು ಹುಡುಗಿ, ಪರದೆಯ ಹಗ್ಗ ಎಳೆಯಬೇಕು. ಎಳೆಯುತ್ತಾಳೆ. ಸಭೆ ನಗುತ್ತದೆ. ಅವಳು ಮನೆಗೆ ಹೋಗಿ ಕೈ ತೊಳೆಯುತ್ತಾಳೆ.

ಈ ಅಧ್ಯಾಯ ಓದಿದ ವಾರ ನಮ್ಮ ಬಳಗದಲ್ಲಿ ಅಳುವ ಮುಖದ ಚಿತ್ರಗಳ ನೆರೆ. ಬಂಟ್ವಾಳದ ನಿತೇಶಣ್ಣ ವಾಯ್ಸ್ ಹಾಕಿದರು: "ನನಗೆ ಬಸ್ಸಲ್ಲೇ ಕಣ್ಣೀರು ಬಂತು ಮಾರ್ರೆ. ಕಂಡಕ್ಟರ್ ಕೇಳಿದ, ಟಿಕೆಟ್ ತೆಗಿಲಿಕ್ಕೆ ಹೇಳಿದ್ದಕ್ಕೆ ಅಳುವುದಾ ನೀವು ಅಂತ!" ಬೆಳ್ತಂಗಡಿಯಲ್ಲಿ ಟೈಲರಿಂಗ್ ಮಾಡುವ ಸಫಿಯಮ್ಮ ಕೇಳಿದರು: "ಆ ಬಿಳಿಯರ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇರ್ಲಿಲ್ವಾ?" ನಾನು ಬರೆದದ್ದು ಇನ್ನೂ ಫೋನಿನಲ್ಲಿದೆ: 'ಮನುಷ್ಯರು ಇಷ್ಟು ಕೀಳಾಗಲು ಹೇಗೆ ಸಾಧ್ಯ? ನಮ್ಮ ಊರಲ್ಲಿ ಹುಟ್ಟಿದ್ದು ನನ್ನ ಪುಣ್ಯ.' ಮೂವತ್ತು ಜನ ಅದಕ್ಕೆ ಹೃದಯ ಒತ್ತಿದ್ದಾರೆ. ಈಗ ಅಳಿಸೋಣ ಎಂದರೆ ಫೋನು ಬಿಡುವುದಿಲ್ಲ, ಸಮಯ ಮೀರಿದೆ.

ಎರಡು ದಿನ ಬಿಟ್ಟು ಅಮ್ಮಣಿಯ ವಾಯ್ಸ್ ಬಂತು. ಅವರು ನಮ್ಮೂರಿನ ಅಂಗನವಾಡಿಯ ಸಹಾಯಕಿ, ನಮ್ಮ ಕರಾವಳಿ ತಲೆಮಾರುಗಳಿಂದ ಹೊರಗಿಟ್ಟ ಕೊರಗ ಬುಡಕಟ್ಟಿನವರು, ನನ್ನ ಅಮ್ಮನ ಪ್ರಾಯ. ಏಳನೇ ತರಗತಿವರೆಗೆ ಓದಿದವರು. ಆ ದಪ್ಪ ಪುಸ್ತಕವನ್ನು ಐದು ವಾರ ಹಿಡಿದು, ಒಂದು ಪುಟ ಬಿಡದೆ ಮುಗಿಸಿದವರು ಇಡೀ ಬಳಗದಲ್ಲಿ ಅವರೊಬ್ಬರೇ. ಉಳಿದವರು ನಡುವಿನ ನೂರು ಪುಟ ಹಾರಿದ್ದೇವೆ. ನಾನೂ ಹಾರಿದ್ದೇನೆ, ಹೀಗೆ ಬರೆಯುತ್ತಿದ್ದೇನಲ್ಲ, ಹೇಳಿಬಿಡುತ್ತೇನೆ. ಆ ವಾಯ್ಸನ್ನು ಒಂದು ಅಕ್ಷರ ಬಿಡದೆ ಇಲ್ಲಿ ಕೊಡುತ್ತಿದ್ದೇನೆ. ನಿಮ್ಮ ಸಮಿತಿ ಇದನ್ನು ಮೊದಲೊಮ್ಮೆ ಓದಿದೆ, ಊರು ಓದಿಲ್ಲ.

"ವಿಸ್ಮಿತಕ್ಕ, ಎಲ್ಲರಿಗೂ ನಮಸ್ಕಾರ. ಮಕ್ಕಳು ಮಲಗಿದ್ದಾರೆ, ಅದಕ್ಕೆ ಸಣ್ಣ ಸ್ವರದಲ್ಲಿ ಹೇಳ್ತೇನೆ. ಪುಸ್ತಕ ಮುಗೀತು. ನೀವೆಲ್ಲ ಪರದೆ ಎಳೆಯುವ ಜಾಗದಲ್ಲಿ ಅಳು ಬಂತು ಅಂತ ಹೇಳಿದ್ದೀರಿ. ನನಗೆ ಅಳು ಬರ್ಲಿಲ್ಲ. ಆ ಹುಡುಗಿಯ ಮೇಲೆ ಸಿಟ್ಟು ಬಂತು. ಹಗ್ಗ ಬಿಡು ಮಾರಾಯ್ತಿ, ಬಿಟ್ಟು ಹೋಗು ಅಂತ. ಆಮೇಲೆ ನೆನಪಾಯ್ತು, ನಾನೂ ಬಿಡ್ಲಿಲ್ಲ.

"ನಾನು ಅಂಗನವಾಡಿಗೆ ಸೇರಿದ ಹೊಸತು. ಪಕ್ಕದ ಶಾಲೆಯ ವಾರ್ಷಿಕೋತ್ಸವ. ಟೀಚರ್ ಕರೆದ್ರು. ಒಂದು ಮಗುವಿಗೆ ಕೊರಗ ವೇಷ ಹಾಕ್ಲಿಕ್ಕೆ ಉಂಟು ಅಮ್ಮಣಿ, ನಿನಗಾದ್ರೆ ಸರಿ ಗೊತ್ತುಂಟಲ್ಲ ಅಂದ್ರು. ಏನು ಗೊತ್ತಿರುವುದು? ನಾವು ಮನೆಯಲ್ಲಿ ಮಸಿ ಹಚ್ಚಿಕೊಂಡು ಕೂತುಕೊಳ್ತೇವಾ? ನನ್ನ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕದೆ ಪೇಟೆಗೆ ಹೋದವರಲ್ಲ. ಆದ್ರೆ ಹೊಸ ಕೆಲಸ ಅಲ್ವಾ, ಇಲ್ಲ ಅಂತ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ಒಲೆಯ ಮಸಿ ತೆಗೆದು ತೆಂಗಿನೆಣ್ಣೆಯಲ್ಲಿ ಕಲಸಿದೆ. ಮಗುವಿನ ಕೈಗೆ, ಕಾಲಿಗೆ, ಮುಖಕ್ಕೆ ಹಚ್ಚಿದೆ. ಕಣ್ಣಿಗೆ ಹೋಗದ ಹಾಗೆ ಜಾಗ್ರತೆ ಮಾಡಿದೆ. ಮಗು ನಗ್ತಾ ಇತ್ತು, ಕಚಗುಳಿ ಆಗ್ತದೆ ಅಂತ. ಅಡಿಕೆ ಹಾಳೆಯ ಟೊಪ್ಪಿ ಇಟ್ಟೆ. ಆಮೇಲೆ ವೇದಿಕೆಯ ಬದಿಯಲ್ಲಿ ನಿಂತೆ. ಮಗು ಹೋಗಿ ಡೋಲು ಬಡಿದ ಹಾಗೆ ಮಾಡಿ, ಬಗ್ಗಿ, ಕೈ ನೀಡಿ, ಒಂದು ಮುಷ್ಟಿ ಅನ್ನ ಹಾಕಿ ಅಕ್ಕೆರೇ ಅಂತ ಹೇಳಿತು. ಇಡೀ ಸಭೆ ನಕ್ಕಿತು. ನಾನೂ ನಕ್ಕೆ. ನಗದಿದ್ರೆ ಯಾರಾದ್ರೂ ನೋಡ್ತಾರಲ್ಲ.

"ಆ ಮಗುವಿಗೆ ಫಸ್ಟ್ ಬಂತು. ಗಿಣಿಯ ಚಿತ್ರ ಇದ್ದ ಟಿಫಿನ್ ಡಬ್ಬಿ ಕೊಟ್ರು. ನನ್ನ ಮಗ ಎರಡನೇ ಕ್ಲಾಸು, ಎದುರಿನ ಸಾಲಲ್ಲಿ ಕೂತಿದ್ದ. ಮನೆಗೆ ಬಂದು ಕೇಳಿದ, ಅಮ್ಮ, ಅದು ನಾವಾ? ಅಲ್ಲ ಮಗಾ, ಅದು ನಾಟಕ ಅಂತ ಹೇಳಿದೆ.

"ಮಗು ಯಾರು ಅಂತ ನಾನು ಹೇಳುವುದಿಲ್ಲ. ಮಗುವಿಗೆ ಏನು ಗೊತ್ತು. ಆದ್ರೆ ಈ ಪುಸ್ತಕ ಬರೆದವರು ಸಿಕ್ಕಿದ್ರೆ ಹೇಳ್ಬೇಕು ಅಂತ ಉಂಟು. ಹಗ್ಗ ಎಳೆದವಳು ಕೈ ತೊಳೆದದ್ದು ಬರೆದಿದ್ದೀರಲ್ಲ, ಅದು ಸರಿ ಉಂಟು. ಮೂರು ಸಲ ತೊಳೀಬೇಕಾಗ್ತದೆ. ಅಷ್ಟೇ. ತಪ್ಪಾದ್ರೆ ಕ್ಷಮಿಸಿ."

ಇದು ಬಂದ ಮೇಲೆ ನಮ್ಮ ಬಳಗದಲ್ಲಿ ಏನಾಯಿತು ಕೇಳಿ. ಎಲ್ಲರೂ ಕೇಳಿಸಿಕೊಂಡ ಗುರುತು ಬಿತ್ತು. ಪರದೆಯ ಹುಡುಗಿಗೆ ಸುರಿದ ಕಣ್ಣೀರಿನ ಒಂದು ಹನಿಯೂ ಬರಲಿಲ್ಲ. ಒಂದು ಗಂಟೆಯ ಬಳಿಕ ಯಾರೋ ಗುಲಾಬಿ ಹೂವಿನ ಚಿತ್ರ ಹಾಕಿ 'ಶುಭ ಸಂಜೆ' ಎಂದರು. ನಾನು? ನಾನು ವಾಯ್ಸನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ಕೇಳಿ, 'ಸೂಪರ್ ಅಮ್ಮಣಿ!' ಎಂದು ಬರೆದು ಬೆಂಕಿಯ ಚಿತ್ರ ಹಾಕಿದೆ.

ಟೈಪ್ ಮಾಡಲು ಕೂತಾಗ ಮಾತ್ರ ನಿಧಾನವಾಗಿ, ನಿಲ್ಲಿಸಿ ನಿಲ್ಲಿಸಿ ಕೇಳಬೇಕಾಯಿತು. ಗಿಣಿಯ ಚಿತ್ರದ ಡಬ್ಬಿ ಎಂಬಲ್ಲಿ ನನ್ನ ಕೈ ನಿಂತಿತು. ಆ ಡಬ್ಬಿ ನಮ್ಮ ಅಡುಗೆಮನೆಯಲ್ಲಿದೆ, ಅಮ್ಮ ಅದರಲ್ಲಿ ಹುಣಸೆಹುಳಿ ಹಾಕಿಡುತ್ತಾರೆ. ಅದು ನನಗೆ ಒಂದನೇ ತರಗತಿಯಲ್ಲಿ ಛದ್ಮವೇಷಕ್ಕೆ ಸಿಕ್ಕಿದ್ದು. ಯಾವ ವೇಷ ಎಂದು ನಾನು ಮರೆತಿರಲಿಲ್ಲ ಅಧ್ಯಕ್ಷರೇ. ಆಲ್ಬಮ್ಮಿನಲ್ಲಿ ಫೋಟೋ ಇದೆ. ಮನೆಗೆ ನೆಂಟರು ಬಂದಾಗ ತೋರಿಸಿ ನಕ್ಕದ್ದೂ ಇದೆ. ಮಸಿ ಹಚ್ಚಿದ ಕೈ ಯಾರದ್ದು ಎಂಬುದು ಮಾತ್ರ ನನ್ನ ತಲೆಯಲ್ಲಿ ಇರಲೇ ಇಲ್ಲ.

ಆದರೂ ಪೂರ್ತಿಯಾಗಿಯೇ ಟೈಪ್ ಮಾಡಿ ನಿಮಗೆ ಕಳಿಸಿದೆ. ಅಷ್ಟರ ಮಟ್ಟಿಗೆ ನನ್ನನ್ನು ನಾನು ಹೊಗಳಿಕೊಳ್ಳಬಹುದು, ಅಲ್ಲಿಗೆ ಮುಗಿಯಿತು. ನಾಲ್ಕನೇ ದಿನ ನೀವೇ ಫೋನ್ ಮಾಡಿದಿರಿ. ನಿಮ್ಮ ಮಾತು ನನಗೆ ಬಾಯಿಪಾಠ ಆಗಿದೆ: "ನೋಡಿಯಮ್ಮಾ, ಬರಹ ತುಂಬ ಒಳ್ಳೆದುಂಟು. ಫಸ್ಟ್ ಕೊಡ್ಬೇಕು ಅಂತಲೇ ಉಂಟು. ಆದ್ರೆ ಇದು ಅಮೆರಿಕದ ಕಾದಂಬರಿಯ ಬಗ್ಗೆ ಅಲ್ವಾ? ನಮ್ಮ ಊರನ್ನು ಯಾಕೆ ಎಳೆಯುವುದು? ಇದು ಶಾಲೆಗಳಿಗೆ ಹೋಗ್ಲಿಕ್ಕಿರುವ ಪುಸ್ತಕ. ಯಾರ ಮನಸ್ಸಿಗೂ ನೋವಾಗ್ಬಾರ್ದು. ಆ ಹಳೆ ಕಥೆ ತೆಗೆದು, ಸ್ವಲ್ಪ ಭಾವನೆ ಸೇರಿಸಿ, ಸಂಜೆಯೊಳಗೆ ಕಳಿಸಿ ಆಯ್ತಾ?"

ಯಾರ ಮನಸ್ಸಿಗೆ, ಅಧ್ಯಕ್ಷರೇ? ನೋವಾಗಿದೆ ಎಂದು ಹೇಳಿದವರ ಮಾತನ್ನು ತೆಗೆದು ಯಾರ ಮನಸ್ಸನ್ನು ಕಾಪಾಡುತ್ತಿದ್ದಿರಿ? ಹಳೆ ಕಥೆ ಎಂದಿರಿ. ಆ ಕಾದಂಬರಿಯ ನಾಟಕ ನಡೆಯುವುದು ನಮ್ಮ ಅಜ್ಜಂದಿರು ಹುಟ್ಟುವ ಮೊದಲು. ಅದು ಹಳತಾಗಲಿಲ್ಲ, ಅದಕ್ಕೆ ಸ್ಪಂದಿಸಿ ಎಂದು ನೀವೇ ಮೂರು ತಾಲೂಕಿಗೆ ಸುತ್ತೋಲೆ ಕಳಿಸಿದಿರಿ. ಹದಿನೈದು ವರ್ಷದ ಹಿಂದೆ ಪುತ್ತಿಗೆಯಲ್ಲಿ ನಡೆದದ್ದು ಮಾತ್ರ ಹಳತಾಗಿ ಹೋಯಿತೇ? ಅಮೆರಿಕದವರು ಮುಖಕ್ಕೆ ಕಪ್ಪು ಬಳಿದರೆ ಅದು ವರ್ಣದ್ವೇಷ, ನಾವು ಬಳಿದರೆ ವಾರ್ಷಿಕೋತ್ಸವ. ಹೀಗೆಂದು ಸ್ಪರ್ಧೆಯ ನಿಯಮಗಳಲ್ಲೇ ಅಚ್ಚು ಹಾಕಿದ್ದರೆ ನಮಗೂ ಸುಲಭವಾಗುತ್ತಿತ್ತು. ದೂರದವರಿಗಾಗಿ ಅತ್ತರೆ ಬಹುಮಾನ, ಹತ್ತಿರದ್ದನ್ನು ನೆನಪು ಮಾಡಿದರೆ ತಿದ್ದುಪಡಿ. ಈಗ ಆ ವೇಷ ಹಾಕಿದರೆ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಕೇಸು ಬೀಳುತ್ತದೆ ಎಂದು ಎಲ್ಲರಿಗೂ ಗೊತ್ತು. ಕೇಸು ಬೀಳುತ್ತದೆ ಎಂದು ಬಿಟ್ಟವರು ಎಷ್ಟು, ತಪ್ಪು ಎಂದು ಬಿಟ್ಟವರು ಎಷ್ಟು? ಕಾದಂಬರಿ ಓದಿಸಿ ತಿಳಿಯಬೇಕಾದದ್ದು ಅದೇ ಅಲ್ಲವೇ?

ಆದರೆ ನಿಮ್ಮನ್ನಷ್ಟೇ ಬೈದು ಮುಗಿಸುವ ಹಕ್ಕು ನನಗಿಲ್ಲ. ನಿಮ್ಮ ಫೋನು ಬಂದಾಗ ನನಗೆ ಸಿಟ್ಟು ಬರಲಿಲ್ಲ. ಸಮಾಧಾನವಾಯಿತು. ಡಬ್ಬಿಯ ಕಥೆ ಅಚ್ಚಾದರೆ ನಮ್ಮೂರಲ್ಲಿ ನನ್ನನ್ನು ಗುರುತಿಸದವರು ಯಾರು? ನೀವು ತೆಗೆ ಎಂದಿರಿ, ನಾನು ಓಡಿ ಹೋಗಿ ತೆಗೆದೆ. ಮಸಿ ಕಲಸಿದ್ದು, ನಕ್ಕದ್ದು, ಡಬ್ಬಿ, ಮಗ ಕೇಳಿದ ಪ್ರಶ್ನೆ, ಹುಡುಗಿಯ ಮೇಲೆ ಬಂದ ಸಿಟ್ಟು, ಎಲ್ಲ ಹೋಯಿತು. ಅವರಿಗೆ ಅಳು ಬರಲಿಲ್ಲ ಎಂಬಲ್ಲಿ ಬಂತು ಎಂದು ಮಾಡಿದೆ. 'ಕಪ್ಪು ಜನರ ನೋವನ್ನು ಓದಿ ನನ್ನ ಹೃದಯ ತುಂಬಿ ಬಂತು, ಕರುಣೆಯ ಕಣ್ಣುಗಳಿಂದ ಜಗತ್ತನ್ನು ನೋಡಲು ಈ ಕಾದಂಬರಿ ನನಗೆ ಕಲಿಸಿತು' ಎಂಬುದು ಶುದ್ಧ ನನ್ನ ಕೈಚಳಕ. ಅವರನ್ನು ಒಂದು ಮಾತು ಕೇಳಬೇಕು ಎಂದು ಅನ್ನಿಸಲೇ ಇಲ್ಲ. ನಮ್ಮ ಮನೆಯಿಂದ ಅಂಗನವಾಡಿಗೆ ಹತ್ತು ನಿಮಿಷದ ದಾರಿ.

ಬಂಟ್ವಾಳದ ಸಮಾರಂಭದಲ್ಲಿ ನೀವೇ ಅಧ್ಯಕ್ಷತೆ ವಹಿಸಿದ್ದಿರಿ. ಅಮ್ಮಣಿಯವರು ನೀಲಿ ಅಂಚಿನ ಸೀರೆಯಲ್ಲಿ, ಕೊರಳಿಗೆ ಶಾಲು ಹಾಕಿಸಿಕೊಂಡು ನಿಂತಿದ್ದರು. ನಿರೂಪಕಿ ಹಿಂದಿನಿಂದ ಕೊಳಲಿನ ಸಂಗೀತ ಬಿಟ್ಟು ಆ ಬರಹವನ್ನು ಓದಿದಳು. ಅವರು ತಲೆ ಓರೆ ಮಾಡಿ ಕೊನೆಯವರೆಗೂ ಕೇಳಿದರು. ಆಮೇಲೆ ಮೈಕಿನ ಹತ್ತಿರ ಬಂದು ಹೇಳಿದ್ದು ಮೂರೇ ಮಾತು: "ಇದು ನಾನು ಹೇಳಿದ್ದಲ್ಲ. ಚಂದ ಉಂಟು. ಆದ್ರೆ ನಾನು ಹೇಳಿದ್ದಲ್ಲ." ಶಾಲನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟು ಇಳಿದು ಹೋದರು. ಕೂಡಲೇ ನೀವು ಎದ್ದು ಸಭೆಯನ್ನು ಕಾಪಾಡಿದಿರಿ: "ಅವರಿಗೆ ವೇದಿಕೆ ಹೊಸತು, ಸ್ವಲ್ಪ ಗಾಬರಿ ಆಗಿದೆ. ಮುಗ್ಧ ಜನ. ಅವರ ಮುಗ್ಧತೆಗೆ ಒಂದು ಚಪ್ಪಾಳೆ ಬರ್ಲಿ." ಬಂತು. ನಾಲ್ಕನೇ ಸಾಲಿನಲ್ಲಿ ಕೂತಿದ್ದ ನಾನೂ ತಟ್ಟಿದೆ. ತಟ್ಟದಿದ್ದರೆ ಪಕ್ಕದವರು ನೋಡುತ್ತಾರಲ್ಲ. ಅವರು ಊಟಕ್ಕೂ ನಿಲ್ಲಲಿಲ್ಲ. ಸಂಜೆ ಬಳಗದಲ್ಲಿ ಒಂದು ಸಾಲು ಬಿತ್ತು, ಅಮ್ಮಣಿ ಹೊರಹೋಗಿದ್ದಾರೆ ಎಂದು. ಈಗ ನಾವು ನಲವತ್ತು.

ಮರುದಿನ ಅಂಗನವಾಡಿಗೆ ಹೋದೆ. ಅವರು ಮೊರದಲ್ಲಿ ಹೆಸರುಕಾಳು ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ನಾನು ಬಾಗಿಲಲ್ಲೇ ನಿಂತು "ಅಮ್ಮಣಿಯಕ್ಕ" ಎಂದೆ. ಅವರು ತಲೆ ಎತ್ತಿ ನಕ್ಕರು.

"ಓಹೋ, ಬಹುಮಾನ ಬಂದ ಮೇಲೆ ಅಕ್ಕ ಆದೆನಾ ನಾನು?"

ಆಗ ಗೊತ್ತಾಯಿತು. ನನಗಿಂತ ಇಪ್ಪತ್ತಾರು ವರ್ಷ ದೊಡ್ಡವರು ನನ್ನನ್ನು ವಿಸ್ಮಿತಕ್ಕ ಎನ್ನುತ್ತಿದ್ದರು, ನಾನು ಅವರನ್ನು ಬರೇ ಅಮ್ಮಣಿ ಎನ್ನುತ್ತಿದ್ದೆ. ಬಳಗದಲ್ಲಿ ಎಲ್ಲರೂ ಹಾಗೇ. ನಿತೇಶನಿಗೆ ಅಣ್ಣ ಇದೆ, ಸಫಿಯಾಗೆ ಅಮ್ಮ ಇದೆ, ಅವರೊಬ್ಬರಿಗೆ ಏನೂ ಇರಲಿಲ್ಲ. ಸಮಾನತೆಯ ಕಾದಂಬರಿ ಓದುತ್ತಿದ್ದ ನಲವತ್ತು ಜನರಲ್ಲಿ ಒಬ್ಬರ ಕಣ್ಣಿಗೂ ಅದು ಬಿದ್ದಿರಲಿಲ್ಲ.

"ಆ ಮಗು ನಾನೇ ಅಲ್ವಾ?" ಎಂದು ಕೇಳಿದೆ.

"ಮತ್ತೆ? ಕಿವಿಯ ಹಿಂದಿನ ಮಸಿ ಹೋಗ್ಲಿಕ್ಕೆ ಎರಡು ದಿನ ಹಿಡೀತು ಅಂತ ನಿಮ್ಮ ಅಮ್ಮ ನನಗೆ ಬೈದದ್ದೂ ಉಂಟು."

"ಮತ್ತೆ ಇಷ್ಟು ವರ್ಷ ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದೆನಲ್ಲ ವಿಸ್ಮಿತಕ್ಕ, ನಾಲ್ಕು ನಿಮಿಷ ಹೇಳಿದೆ. ಅಳಿಸಿದ್ದು ನೀವು."

ನಾನು ಕ್ಷಮೆ ಕೇಳತೊಡಗಿದೆ. ಅವರು ಕಾಳಿನಿಂದ ಕಣ್ಣು ತೆಗೆಯಲಿಲ್ಲ. "ಅದೆಲ್ಲ ಇರ್ಲಿ. ಆ ದೊಡ್ಡವರಿಗೆ ಒಂದು ವಿಷಯ ಹೇಳಿ. ಪುಸ್ತಕದಲ್ಲಿ ನನ್ನ ಹೆಸರು ಹಾಕುವುದಾದ್ರೆ ನಾನು ಹೇಳಿದ್ದು ಹಾಕ್ಲಿ. ಅದು ಆಗುವುದಿಲ್ಲ ಅಂದ್ರೆ ಹೆಸರು ತೆಗೀಲಿ. ಇಲ್ಲಿಂದ ಹೋದ ಮಕ್ಕಳೇ ಆ ಶಾಲೆಯಲ್ಲಿ ಅದನ್ನು ಓದುವುದು. ನನ್ನ ದೊಡ್ಡ ಮಗಳ ಮಗಳೂ ಬರುವ ವರ್ಷ ಅಲ್ಲಿಗೇ. ಅಮ್ಮಣಿ ಅಮೆರಿಕದವರಿಗಾಗಿ ಅತ್ತಳು, ತನ್ನದು ಏನೂ ಹೇಳ್ಲಿಕ್ಕೆ ಇರ್ಲಿಲ್ಲ ಅಂತ ಅವಳು ಓದುವುದು ಬೇಡ."

ಮನೆಯಲ್ಲಿ ನನ್ನ ಅಮ್ಮನಿಗೆ ಈ ಪತ್ರದ ವಿಷಯ ಹೇಳಿದೆ. "ಅದೆಲ್ಲ ತಮಾಷೆಗೆ ಹಾಕಿದ್ದು ಮಾರಾಯ್ತಿ, ಆಗ ತಪ್ಪು ಅಂತ ಯಾರು ಹೇಳಿದ್ರು?" ಎಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಹೇಳಬಹುದಾಗಿದ್ದ ಒಬ್ಬರ ಕೈಯಲ್ಲಿ ನಾವು ಮಸಿಯ ತಟ್ಟೆ ಕೊಟ್ಟಿದ್ದೆವು. ಆಮೇಲೆ, "ಪೇಪರಿಗೆ ಹಾಕುವುದಾದ್ರೆ ನನ್ನ ಹೆಸರು ಬರೀಬೇಡ" ಎಂದರು. ಬರೆದಿಲ್ಲ. ತನ್ನ ಹೆಸರು ಎಲ್ಲಿ ಬರಬೇಕು, ಎಲ್ಲಿ ಬೇಡ ಎಂದು ಹೇಳುವ ಅವಕಾಶ ನನ್ನ ಅಮ್ಮನಿಗೆ ಕೇಳದೆಯೇ ಸಿಕ್ಕಿತು. ಅಮ್ಮಣಿಯಕ್ಕ ಅಷ್ಟನ್ನೇ ಕೇಳುತ್ತಿದ್ದಾರೆ, ನೀವು ಮೀಟಿಂಗಿನಲ್ಲಿದ್ದೀರಿ.

ಮುದ್ರಣಾಲಯಕ್ಕೆ ಹೋಗಿ ವಿಚಾರಿಸಿದ್ದೇನೆ. ಅಚ್ಚು ಇನ್ನೂ ಶುರುವಾಗಿಲ್ಲ, ಕೊನೆಯ ಪ್ರೂಫ್ ನಿಮ್ಮ ಸಹಿಗೆ ಕಾಯುತ್ತಿದೆ, ಸೋಮವಾರದವರೆಗೆ ಬದಲಾಯಿಸಬಹುದು ಎಂದು ಅಲ್ಲಿಯವರೇ ಹೇಳಿದರು. ಸ್ಥಳದ ಕೊರತೆ ಎಂಬ ಉತ್ತರ ಸಿದ್ಧವಾಗಿದ್ದರೆ, ದಯವಿಟ್ಟು ಪುಸ್ತಕದ ಮೊದಲ ಹನ್ನೊಂದು ಪುಟಗಳ ಗಣ್ಯರ ಶುಭ ಸಂದೇಶಗಳನ್ನು ನೋಡಿ. ಅದರಲ್ಲಿ ನಿಮ್ಮದೇ ಎರಡು ಪುಟವಿದೆ, ನಿಮ್ಮ ಫೋಟೋ ಬೇರೆ.

ಈ ಪತ್ರವನ್ನು ಕಳಿಸುವ ಮೊದಲು ಅಮ್ಮಣಿಯಕ್ಕನಿಗೆ ಕೊಟ್ಟೆ. ಮಕ್ಕಳನ್ನು ಮನೆಗೆ ಕಳಿಸಿ, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಓದಿದರು. "ಉದ್ದ ಆಯ್ತು" ಎಂದರು. ಮಗನ ಪ್ರಶ್ನೆ ಇರಬಹುದಾ ಎಂದು ಕೇಳಿದೆ, ಸ್ವಲ್ಪ ಯೋಚಿಸಿ "ಇರ್ಲಿ, ಅವನನ್ನೂ ಕೇಳಿದ್ದೇನೆ" ಎಂದರು. ಒಂದು ಪ್ಯಾರಾದಲ್ಲಿ ನಾನು ಅತ್ತದ್ದು ಇತ್ತು. "ಇದು ಬೇಡ, ಇದು ನಿಮ್ಮ ಬಗ್ಗೆ" ಎಂದರು. ತೆಗೆದಿದ್ದೇನೆ. ಇದಕ್ಕೆಲ್ಲ ಹಿಡಿದದ್ದು ಮುಕ್ಕಾಲು ಗಂಟೆ, ಅಧ್ಯಕ್ಷರೇ. ನಿಮ್ಮ ಪ್ರೂಫ್ ಹಿಡಿದುಕೊಂಡು ಪುತ್ತಿಗೆಯ ಬಸ್ಸು ಹತ್ತಿದರೆ ನಿಮಗೂ ಅಷ್ಟೇ ಹಿಡಿಯಬಹುದು. ಅವರು ಮಧ್ಯಾಹ್ನದ ಬಳಿಕ ಅಲ್ಲೇ ಇರುತ್ತಾರೆ. ಒಂದೋ ಮೇಲಿನ ವಾಯ್ಸನ್ನು ಇದ್ದ ಹಾಗೆ ಅಚ್ಚು ಮಾಡಿ, ಇಲ್ಲವೇ ಅವರ ಹೆಸರು ತೆಗೆದು ಆ ಕರುಣೆಯ ಕಣ್ಣುಗಳ ಕೆಳಗೆ ನನ್ನ ಹೆಸರು ಹಾಕಿ. ಯಾವುದಾದರೂ, ಸೋಮವಾರದೊಳಗೆ, ಅವರನ್ನು ಕೇಳಿ.

ಬಾಕಿ ಉಳಿದಿದ್ದ ನಮಸ್ಕಾರದೊಂದಿಗೆ ಇಂತಿ,
ಮೊದಲ ಬಹುಮಾನವನ್ನು ಎರಡು ಸಲ ತಪ್ಪಾಗಿ ಗಳಿಸಿದ
ವಿಸ್ಮಿತಾ, ಪುತ್ತಿಗೆ